ಫೋನು ನೀರಿಗೆ ಬಿದ್ದ ಮೇಲೆ

"ಕೈ ಹಚ್ಚೋ ಹಾಗಿಲ್ಲ, ಮೂಗಲ್ಲೇ ಹೇಳ್ಬೇಕು," ಎಂದು ಅಯ್ಯೂಬ್ ಗದರಿಸಿದ.

ಜಿಲಾಲಿ ಕೈ ಹಿಂದಕ್ಕೆ ಕಟ್ಟಿಕೊಂಡು, ಚಾಪೆಯ ಮೇಲೆ ಮಂಡಿಯೂರಿ ಕತ್ತು ಮುಂದೆ ಚಾಚಿದ. ಕಣ್ಣಿಗೆ ಕಟ್ಟಿದ್ದ ಬಟ್ಟೆ ತಲೆಯ ಹಿಂದೆ ಬಿಗಿಯಾಗಿ ಎಳೆಯುತ್ತಿತ್ತು. ಮೂಗಿನ ಕೆಳಗೆ ಪುಟ್ಟ ಅಂಗೈಯೊಂದು ಬಂತು. ಜೀರಿಗೆ. ಹೊಸದಾಗಿ ಹುರಿದದ್ದೇನಲ್ಲ, ಡಬ್ಬಿಯ ತಳದ್ದು.

"ಕತ್ತೆ ಲದ್ದಿ," ಅಂದ.

ಮಕ್ಕಳು ಬಿದ್ದು ಬಿದ್ದು ನಕ್ಕವು. ನಾಲ್ಕು ವರ್ಷದ ರಿಹಾಬ್ ನಗುತ್ತಾ ಅವನ ಬೆನ್ನ ಮೇಲೇ ಉರುಳಿದಳು. ಆಮೇಲೆ ಪುದೀನ ಬಂತು, ಬಟ್ಟೆ ಸೋಪು ಬಂತು, ಅಯ್ಯೂಬನ ಚಪ್ಪಲಿ ಬಂತು. ಚಪ್ಪಲಿಗೆ ಜಿಲಾಲಿ "ಗುಲಾಬಿ ನೀರು" ಅಂದ. ಅವನ ಧ್ವನಿಯಲ್ಲಿ ತಮಾಷೆಯೇನೂ ಇರಲಿಲ್ಲ, ಅಂಗಡಿಯವನು ಸಾಮಾನಿನ ಹೆಸರು ಓದುವ ಹಾಗೆ ಹೇಳುತ್ತಿದ್ದ. ಮಕ್ಕಳಿಗೆ ಅದೇ ಇನ್ನಷ್ಟು ನಗು ತರಿಸುತ್ತಿತ್ತು. ಏಳು ವರ್ಷದ ಅಯ್ಯೂಬ್ ಮೊನ್ನೆ ಬೀದಿಯ ಹುಡುಗರೆದುರು ಕೊಚ್ಚಿಕೊಂಡಿದ್ದ, "ನಮ್ಮಪ್ಪನಷ್ಟು ತಮಾಷೆ ಮಾಡೋರು ಯಾರೂ ಇಲ್ಲ ಕಣ್ರೋ."

ದೊಡ್ಡ ಮಗಳು ಹಸ್ನಾ ಮಾತ್ರ ಹೊಸ್ತಿಲ ಮೇಲೆ ಕೂತು ಬಟಾಣಿ ಸುಲಿಯುತ್ತಾ ನೋಡುತ್ತಿದ್ದಳು. ಅವಳಿಗೆ ಹನ್ನೊಂದು.

ಹೀಗೆ ಆಡಿಸಲು ತೊಡಗಿ ಒಂಬತ್ತು ದಿನವಾಗಿತ್ತು. ಮೊದಲ ಸಂಜೆ ಸಾರ್ಡೀನ್ ಮೀನಿನ ಡಬ್ಬಿಗೆ ಸೋಡಾ ಮುಚ್ಚಳಗಳ ಚಕ್ರ ಹಚ್ಚಿ ಗಾಡಿ ಮಾಡಿಕೊಟ್ಟಿದ್ದ. ಮಾರನೆಯ ದಿನ ಕಾಲುವೆಯ ಪಕ್ಕದಿಂದ ಜೊಂಡು ಕೊಯ್ದು ತಂದು ಪೀಪಿ. ಐದನೆಯ ದಿನಕ್ಕೆ ತಲೆಯೊಳಗೆ ಏನೂ ಉಳಿದಿರಲಿಲ್ಲ. ಮಸೂರ ಬೇಳೆಯನ್ನು ತಟ್ಟೆಗೆ ಸುರಿದು, "ಮೊದಲು ಕಲ್ಲು ಹುಡುಕಿದೋರೇ ಸುಲ್ತಾನ," ಅಂದಿದ್ದ. ಅದನ್ನೂ ಆಟವೆಂದೇ ನಂಬಿ ಆಡಿದವು. ಮನೆಯ ಟಿವಿ ಕೆಟ್ಟು ಎರಡು ವರ್ಷವಾಗಿ, ಅದರ ಮೇಲೆ ಕಸೂತಿ ಬಟ್ಟೆ ಹಾಸಿ ಚಹಾದ ಲೋಟ ಇಡುತ್ತಿದ್ದರು. ಇದ್ದದ್ದು ಒಂದೇ ಫೋನು. ಅದು ತಾನು ಕೆಲಸ ಮಾಡುವ ಹಮ್ಮಾಮಿನ, ಊರ ಸ್ನಾನದ ಮನೆಯ, ನೀರಿನ ಪೀಪಾಯಿಗೆ ಬಿದ್ದುಹೋಯಿತು ಎಂದು ಅವನು ಮಕ್ಕಳಿಗೆ ಹೇಳಿದ್ದ.

ಆ ಫೋನಿನಲ್ಲೇ ಅವರ ತಾಯಿ ಬರುತ್ತಿದ್ದಳು. ಮಿಲೂದಾ ಚಳಿಗಾಲದಲ್ಲೇ ಸ್ಟ್ರಾಬೆರಿ ಬಿಡಿಸಲು ಸ್ಪೇನಿಗೆ ಹೋಗಿದ್ದಳು. ಮಕ್ಕಳಿರುವ ತಾಯಂದಿರನ್ನೇ ಆರಿಸಿ ಕರೆದೊಯ್ಯುತ್ತಾರೆ, ಹಿಂದೆ ಮಕ್ಕಳಿದ್ದರೆ ಹೆಂಗಸು ಮರಳಿ ಬಂದೇ ಬರುತ್ತಾಳೆ ಎಂಬ ಲೆಕ್ಕ. ದಿನಾ ಸಂಜೆ, ಮಗ್ರಿಬ್ ಬಾಂಗು ಮುಗಿದ ಮೇಲೆ, ಹಸ್ನಾ ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ ಇಡುತ್ತಿದ್ದಳು. ಗಾಜಿನೊಳಗೆ ಮಿಲೂದಾಳ ಮುಖ ಮೂಡುತ್ತಿತ್ತು, ಹಿಂದೆ ತೋಟದ ಪ್ಲಾಸ್ಟಿಕ್ ಹೊದಿಕೆಯ ಬಿಳಿ ಬೆಳಕು. ರಿಹಾಬ್ ತನ್ನ ಬಾಯಿಯ ರೊಟ್ಟಿಯನ್ನು ತೆಗೆದು ಗಾಜಿಗೆ ಹಿಡಿಯುತ್ತಿದ್ದಳು, ತಾಯಿ ಅಲ್ಲಿಂದಲೇ ಕಚ್ಚಿದ ಹಾಗೆ ಮಾಡುತ್ತಿದ್ದಳು. ಇನ್ನೆರಡು ವಾರಕ್ಕೆ ಹೆಂಗಸರ ಬಸ್ಸು ವಾಪಸು ಬರಬೇಕಿತ್ತು.

ಒಂಬತ್ತು ದಿನದ ಹಿಂದೆ, ಮಧ್ಯಾಹ್ನ, ಅವನು ಹಮ್ಮಾಮಿನ ಒಲೆಗೆ ಮರದ ಹೊಟ್ಟು ತುಂಬುತ್ತಿದ್ದಾಗ ಅವಳ ಧ್ವನಿ ಬಂದಿತ್ತು. ಕರೆಯಲ್ಲ, ರೆಕಾರ್ಡ್ ಮಾಡಿ ಕಳಿಸಿದ್ದು. "ನಾನು ಬಸ್ಸಲ್ಲಿ ಬರ್ತಿಲ್ಲ ಜಿಲಾಲಿ. ಈ ಸಲಕ್ಕೆ ಅಂತಲ್ಲ, ಬರೋದೇ ಇಲ್ಲ. ನಿಂದೇನೂ ತಪ್ಪಿಲ್ಲ. ಮಕ್ಕಳಿಗೆ ನೀನೇನೂ ಹೇಳ್ಬೇಡ. ಸಂಜೆ ಫೋನು ಮಾಡ್ತೀನಿ, ನಾನೇ ಹೇಳ್ತೀನಿ." ಹಿಂದೆ ಯಾವುದೋ ಗಾಡಿ ಹಾರ್ನ್ ಹೊಡೆಯುತ್ತಿತ್ತು. ಅವನು ಫೋನನ್ನು ಜೇಬಿಗೆ ಹಾಕಿ ಸಲಿಕೆ ಎತ್ತಿಕೊಂಡ. ಒಲೆ ಎಂದಿನಂತೆ ಉರಿಯಿತು. ಒಳಗೆ ಮೀಯುತ್ತಿದ್ದ ಹೆಂಗಸರು ನೀರು ಸಾಲದು ಎಂದು ಎಂದಿನಂತೆ ಗೋಡೆ ಬಡಿದರು. ತನಗೆ ಏನಾದರೂ ಆಗುತ್ತದೆಂದು ಅವನು ಸಂಜೆಯವರೆಗೂ ಕಾದ. ಏನೂ ಆಗಲಿಲ್ಲ. ಬಾಂಗು ಕೇಳುವ ಹೊತ್ತಿಗೆ ಫೋನು ಆರಿಸಿ, ಕೋಣೆಯ ಬಾಗಿಲ ಹಿಂದಿನ ಮೊಳೆಗೆ ತೂಗುಹಾಕಿದ್ದ ಚಳಿಗಾಲದ ಉಣ್ಣೆಯ ನಿಲುವಂಗಿಯ ತಲೆಮುಸುಕಿನೊಳಗೆ ಇಳಿಬಿಟ್ಟ. ಅದನ್ನು ಇನ್ನು ಐದು ತಿಂಗಳು ಯಾರೂ ಮುಟ್ಟುವುದಿಲ್ಲ.

"ಏನ್ರೋ ಇದು ಗದ್ದಲ, ಮದುವೆ ಮನೆ ಆದ ಹಾಗಾಗಿದೆ!" ಎನ್ನುತ್ತಾ ಪಕ್ಕದ ಮನೆಯ ಫತ್ತೂಮ ಒಳಗೆ ಬಂದಳು. ಕೈಯಲ್ಲಿ ಬಿಸಿ ರೊಟ್ಟಿ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಮಂಡಿಯೂರಿದ್ದ ಜಿಲಾಲಿಯನ್ನು ನೋಡಿ ಸೊಂಟದ ಮೇಲೆ ಕೈಯಿಟ್ಟಳು. "ನಮ್ಮನೇಲೂ ಒಬ್ಬರಿದ್ದಾರೆ. ಮೂವತ್ತು ವರ್ಷ ಆಯ್ತು, ಮಕ್ಕಳ ಹೆಸರು ನೆಟ್ಟಗೆ ನೆನಪಿಲ್ಲ ಅವರಿಗೆ."

"ಬನ್ನಿ ಅಕ್ಕ," ಎಂದು ಜಿಲಾಲಿ ಬಟ್ಟೆ ಬಿಚ್ಚಿದ. ಬೆಳಕು ಕಣ್ಣಿಗೆ ಚುಚ್ಚಿತು.

"ನಿನ್ನ ಫೋನು ರಿಪೇರಿ ಆಯ್ತೇನೋ?"

"ಇಲ್ಲ ಅಕ್ಕ. ನೀರು ಒಳಗೆ ಹೋಗಿದೆ."

"ಅಯ್ಯೋ, ಪಾಪ, ಆ ಮಿಲೂದಾ ಅಲ್ಲಿ ಎಷ್ಟು ಒದ್ದಾಡ್ತಿದ್ದಾಳೋ. ತಗೋ, ನನ್ನ ಫೋನಲ್ಲಿ ಮಾಡು. ಮಕ್ಕಳು ಮುಖ ನೋಡ್ಲಿ." ಅವಳು ಎದೆಯ ಸಂದಿಯಿಂದ ಫೋನು ತೆಗೆದಳು.

"ಅಮ್ಮ!" ಎಂದು ರಿಹಾಬ್ ಕೈ ಚಾಚಿದಳು.

"ಅವಳದೂ ಕೆಟ್ಟಿದೆಯಂತೆ," ಅಂದ ಜಿಲಾಲಿ.

"ಇಬ್ಬರದೂನಾ?" ಹೊಸ್ತಿಲಿಂದ ಹಸ್ನಾ ಕೇಳಿದಳು.

"ಕೆಟ್ಟಿದ್ರೆ ಜೊತೇಲಿರೋರು ಯಾರಾದ್ರೂ ಎತ್ತುತಾರೆ, ಒಂದು ಸಲ ಮಾಡಿ ನೋಡು. ನಂಬರ್ ಹೇಳು."

"ಬಾಯಿಗೆ ಬರಲ್ಲ ಅಕ್ಕ."

"ನಂಗೆ ಬರುತ್ತೆ," ಅಂದಳು ಹಸ್ನಾ. ಬಟಾಣಿ ತಟ್ಟೆ ಕೆಳಗಿಟ್ಟು ಎದ್ದು ನಿಂತಳು. "ಸೊನ್ನೆ ಸೊನ್ನೆ ಮೂರು ನಾಲ್ಕು..."

"ಕಣ್ಣಾಮುಚ್ಚಾಲೆ!" ಎಂದು ಜಿಲಾಲಿ ಕೂಗಿದ. ಕೂಗು ಅವನಿಗೇ ಅನ್ಯವಾಗಿ ಕೇಳಿಸಿತು. "ನಾನು ಎಣಿಸ್ತೀನಿ, ನೂರರ ತನಕ! ಓಡಿ! ಹಸ್ನಾ, ನೀನೂ! ಎಲ್ಲಾರೂ ಬಚ್ಚಿಟ್ಕೊಳ್ಳಿ!"

ಅವನು ಗೋಡೆಗೆ ಮುಖ ಹಚ್ಚಿ ಎಣಿಸತೊಡಗಿದ. ಚಿಕ್ಕವೆರಡೂ ಕಿರುಚುತ್ತಾ ಓಡಿದವು. ಫತ್ತೂಮ ರೊಟ್ಟಿಯನ್ನು ಟಿವಿಯ ಮೇಲಿಟ್ಟ ಸದ್ದಾಯಿತು. "ಈ ಗಂಡಸಿಗೆ ಬಿಸಿಲು ತಲೆಗೇರಿದೆ," ಎಂದು ಗೊಣಗಿಕೊಂಡು ಹೋದಳು. ಹದಿನೆಂಟು, ಹತ್ತೊಂಬತ್ತು. ಸುಣ್ಣದ ಗೋಡೆ ತಣ್ಣಗಿತ್ತು. ಇಲ್ಲಿ ಎಷ್ಟು ಹೊತ್ತು ಬೇಕಾದರೂ ನಿಲ್ಲಬಹುದು ಎನ್ನಿಸಿತು. ಐವತ್ತು ದಾಟಿದ ಮೇಲೆ ಇನ್ನೂ ನಿಧಾನ ಮಾಡಿದ.

ರಿಹಾಬ್ ಅಂಗಳದ ನಿಂಬೆಗಿಡದ ಹಿಂದೆ ಎರಡೂ ಕೈಯಲ್ಲಿ ಕಣ್ಣು ಮುಚ್ಚಿಕೊಂಡು ನಿಂತಿದ್ದಳು. ಅಯ್ಯೂಬ್ ಅಡುಗೆಮನೆಯಲ್ಲಿ, ಬಟ್ಟೆ ತೊಳೆಯುವ ಬೋಗುಣಿಯನ್ನು ಕವುಚಿಕೊಂಡು ಅದರಡಿಯಲ್ಲಿದ್ದ. ಹಸ್ನಾ ಸಿಗಲಿಲ್ಲ. ಮಾಳಿಗೆಗೆ ಹತ್ತಿ ನೋಡಿದ, ಹಾಸಿಗೆಗಳ ರಾಶಿಯ ಹಿಂದೆ ನೋಡಿದ. ಕೊನೆಗೆ ಕೋಣೆಗೆ ಬಂದಾಗ ಬಾಗಿಲ ಹಿಂದೆ ನಿಲುವಂಗಿಯ ಕೆಳಗೆ ಎರಡು ಬರಿಗಾಲು ಕಾಣಿಸಿದವು.

ಅವನು ಉಣ್ಣೆಯನ್ನು ಸರಿಸಿದ. ಹಸ್ನಾ ಗೋಡೆಗೆ ಒರಗಿ, ಫೋನನ್ನು ಕಿವಿಗೆ ಒತ್ತಿ ಹಿಡಿದು ನಿಂತಿದ್ದಳು. ಅವನನ್ನು ನೋಡಿದರೂ ಕೈ ಇಳಿಸಲಿಲ್ಲ. ಒಳಗಿನ ಸಣ್ಣ ಧ್ವನಿ ಮುಗಿಯುವವರೆಗೂ ಕೇಳಿದಳು. ಕೊನೆಯಲ್ಲಿ ಹಾರ್ನ್ ಸದ್ದು ಅವನಿಗೂ ಕೇಳಿಸಿತು.

"ಯಾವಾಗ ಕಳಿಸಿದ್ದು ಇದು?"

"ಒಂಬತ್ತು ದಿನ ಆಯ್ತು."

"ಇಪ್ಪತ್ತಾರು ಸಲ ಮಾಡಿದ್ದಾಳೆ ಅಂತ ತೋರಿಸ್ತಿದೆ." ಅವಳ ಧ್ವನಿ ಪಾಠ ಒಪ್ಪಿಸುವ ಹಾಗಿತ್ತು, ಅವನದರಂತೆಯೇ. "ತಾನೇ ಹೇಳ್ತೀನಿ ಅಂದಿದ್ದಾಳಲ್ಲ ಅಪ್ಪಾ. ನೀನ್ಯಾಕೆ ಬಿಡ್ಲಿಲ್ಲ?"

ಜಿಲಾಲಿ ಹೇಳಲು ಏನಾದರೂ ಇದೆಯೇ ಎಂದು ಒಳಗೆ ತಡಕಿದ. ಒಲೆ ಆರಿದ ಮೇಲೆ ಬೂದಿಯಲ್ಲಿ ಕೈಯಾಡಿಸಿದ ಹಾಗಿತ್ತು. "ಹೇಳಿಬಿಟ್ರೆ ಮುಗೀತಲ್ಲ," ಅಂದ. ನಿಲುವಂಗಿಯ ಮಡಿಕೆ ಸರಿಪಡಿಸುತ್ತಾ, "ಇವು ಎರಡೂ ನಗ್ತಿದ್ವು," ಅಂದ.

"ಸಿಕ್ಕಿದ್ಳಾ ಅಪ್ಪಾ?" ಎಂದು ಅಂಗಳದಿಂದ ಅಯ್ಯೂಬ್ ಕೂಗಿದ.

ಹಸ್ನಾ ತಂದೆಯ ಮುಖವನ್ನೇ ನೋಡುತ್ತಿದ್ದಳು. ಫೋನು ಒಮ್ಮೆ ಕೀರಲು ಸದ್ದು ಮಾಡಿ ಆರಿಹೋಯಿತು. "ಸಿಕ್ದೆ ಕಣೋ!" ಎಂದು ಅವಳೇ ಕೂಗಿ ಹೇಳಿದಳು. ಅವನನ್ನು ದಾಟಿ ನಡುಮನೆಗೆ ಹೋಗಿ, ಗೋಡೆಯ ಪ್ಲಗ್ಗಿಗೆ ಚಾರ್ಜರ್ ಸಿಕ್ಕಿಸಿ, ಫೋನನ್ನು ಮತ್ತೆ ಆನ್ ಮಾಡಿ, ಎಲ್ಲರಿಗೂ ಕಾಣುವ ಹಾಗೆ ಕಿಟಕಿಯ ಮೇಲಿಟ್ಟಳು.

ಅಯ್ಯೂಬ್ ಕುಣಿದುಬಿಟ್ಟ. "ಸರಿಹೋಯ್ತಾ! ಫೋನು ಸರಿಹೋಯ್ತಾ!"

"ಒಣಗಿದೆ. ಚಾರ್ಜ್ ಆಗ್ಲಿ. ಬಾಂಗು ಆದ ಮೇಲೆ ಅಮ್ಮ ಮಾಡ್ತಾಳೆ," ಅಂದಳು ಹಸ್ನಾ. "ಅಲ್ಲಿ ತನಕ ಆಡಣ. ಈಗ ನಾನು ಎಣಿಸೋದು. ಅಪ್ಪಾ, ನೀನೂ ಹೋಗು."

"ನಾನಾ?"

"ಹೂಂ. ಎಲ್ಲಾರೂ ಅಂದ್ರೆ ಎಲ್ಲಾರೂ."

ಅವಳು ಗೋಡೆಯತ್ತ ತಿರುಗಿ ಮೊಳಕೈ ಮಡಚಿ ಅದರೊಳಗೆ ಮುಖವಿಟ್ಟಳು. ರಿಹಾಬ್ ತಂದೆಯ ಬೆರಳು ಹಿಡಿದು ಎಳೆದುಕೊಂಡು ಹೋಗಿ ಹಾಸಿಗೆಗಳ ರಾಶಿಯ ಹಿಂದೆ ತೂರಿಸಿದಳು. ಅಲ್ಲಿ ಇಬ್ಬರಿಗೆ ಜಾಗವಿರಲಿಲ್ಲ. ಅವನು ಮಂಡಿಯನ್ನು ಗದ್ದಕ್ಕೆ ತಂದುಕೊಂಡ. ಅವಳು ಅವನ ಮಡಿಲೊಳಗೆ ಹುದುಗಿ, ತನ್ನ ಪುಟ್ಟ ಅಂಗೈಯನ್ನು ಅವನ ಬಾಯಿಗೆ ಒತ್ತಿ ಹಿಡಿದಳು. ಜೀರಿಗೆ, ಸೋಪು, ಬೆವರು. ಅವನು ಅಲುಗಾಡಲಿಲ್ಲ.

ಹಸ್ನಾ ಒಂದೊಂದನ್ನೂ ಬಿಡಿಸಿ ಎಣಿಸುತ್ತಿದ್ದಳು. ನಲವತ್ತರ ಹೊತ್ತಿಗೆ ದೂರದ ಮಸೀದಿಯಲ್ಲಿ ಯಾರೋ ಕೆಮ್ಮಿ ಧ್ವನಿ ಸರಿಪಡಿಸಿಕೊಂಡರು, ಬಾಂಗು ಶುರುವಾಯಿತು. ಅದರ ನಡುವೆಯೂ ಅವಳ ಎಣಿಕೆ ಕೇಳುತ್ತಿತ್ತು. ಬಾಂಗು ಮುಗಿಯಿತು. ತೊಂಬತ್ತೆಂಟು. ತೊಂಬತ್ತೊಂಬತ್ತು. ರಿಹಾಬ್ ಉಸಿರು ಬಿಗಿಹಿಡಿದಳು.

ನೂರು ಬರಲಿಲ್ಲ.

"ಒಂದು," ಅಂದಳು ಹಸ್ನಾ. "ಎರಡು. ಮೂರು."

"ಲೇ, ಮೋಸ! ಆಗ್ಲೇ ಎಣಿಸಿದ್ದಾಯ್ತಲ್ಲೇ!" ಬೋಗುಣಿಯ ಅಡಿಯಿಂದ ಅಯ್ಯೂಬನ ಧ್ವನಿ ಗುಂಯ್‌ಗುಟ್ಟಿತು.

ಅವಳು ತಿರುಗಲಿಲ್ಲ. ಗೋಡೆಗೆ ಮುಖ ಹಚ್ಚಿಕೊಂಡೇ ಮೊದಲಿಗಿಂತ ನಿಧಾನವಾಗಿ ಎಣಿಸುತ್ತಾ ಹೋದಳು. ಹಾಸಿಗೆಗಳ ಸಂದಿಯಿಂದ ಜಿಲಾಲಿಗೆ ಅವಳ ಬೆನ್ನು, ಒಂದು ಜಡೆ ಕಾಣುತ್ತಿತ್ತು. ಕಿಟಕಿಯ ಮೇಲಿನ ಫೋನಿನಿಂದ ಮಂದ ಬೆಳಕೊಂದು ಹೊತ್ತಿಕೊಂಡು ಅವಳ ಹೆಗಲ ಮೇಲೆ ಬಿತ್ತು.