ತಿರಸ್ಕೃತ ಇನ್ನೂರ ನಲವತ್ತೊಂದು

ಹೊಳೆಕೊಪ್ಪದ ಪೆಟ್ಟಿಗೆ ಒಡೆಯುವಾಗ ನಾನು ನಗುತ್ತಿದ್ದೆ. ಈಗ ನೆನೆದರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಅರವತ್ತೆರಡರ ಚುನಾವಣೆ. ಸಾಗರದಲ್ಲಿ ಎಣಿಕೆ. ನಾನು ಮಾರಪ್ಪನ ಏಜೆಂಟ್. ಹೊಳೆಕೊಪ್ಪ ನನ್ನ ಊರು. ಏಳನೇ ಕ್ಲಾಸು ಪಾಸಾದವನು ಆ ಊರಿನಲ್ಲಿ ನಾನೊಬ್ಬನೇ, ಆ ಜಂಬವೂ ನನಗೆ ಸಾಕಷ್ಟಿತ್ತು. ಮಾರಪ್ಪ ನಮ್ಮ ಹಾಗೇ ಗೇಣಿ ಮಾಡಿಕೊಂಡಿದ್ದವನು, ಹೊಸನಗರದ ದಾರಿಯ ಹಳ್ಳಿಯವನು. ಎದುರಿಗೆ ನಿಂತವರು ಅಕ್ಕಿ ಗಿರಣಿಯ ಸೀತಾರಾಮಪ್ಪನವರು. ಪೇಟೆಯ ಹೋಟೆಲುಗಳಲ್ಲಿ ಕೂತವರೆಲ್ಲ ಫಲಿತಾಂಶ ಆಗಲೇ ಹೇಳಿಬಿಟ್ಟಿದ್ದರು: "ಮಾರಪ್ಪ ಒಳ್ಳೇ ಮನುಷ್ಯ. ಆದ್ರೆ ಗೆಲ್ಲೋ ಕುಳ ಅಲ್ಲ. ಅವ್ನಿಗೆ ಹಾಕಿ ಮತ ಯಾಕೆ ಹಾಳು ಮಾಡ್ಕಳದು?" ಈ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಒಳ್ಳೆಯವನು ಅಂತ ಒಪ್ಪಿಕೊಂಡ ಮೇಲೂ ಮತ ಕೊಡದೆ ಇರುವುದಕ್ಕೆ ಇದಕ್ಕಿಂತ ಸಲೀಸಾದ ನೆಪ ಬೇರೆ ಇಲ್ಲ.

ನಮಗೆ ಅವನು ಗೆಲ್ಲಲೇಬೇಕಿತ್ತು. ಶರಾವತಿಗೆ ಅಣೆಕಟ್ಟು ಏಳುತ್ತಿತ್ತು. ಎರಡು ಮೂರು ವರ್ಷದಲ್ಲಿ ಹೊಳೆಕೊಪ್ಪ ಮುಳುಗುತ್ತದೆ ಎಂದು ಕಲ್ಲು ನೆಟ್ಟು ಹೋಗಿದ್ದರು. ಪರಿಹಾರ ಬರುವುದು ಜಮೀನಿನ ಒಡೆಯರಿಗೆ. ನಾವು ಮೂರು ತಲೆಮಾರಿನಿಂದ ಉತ್ತವರು, ಆದರೆ ಗೇಣಿಗೆ ಒಂದು ಚೂರು ಕಾಗದವೂ ನಮ್ಮ ಬಳಿ ಇರಲಿಲ್ಲ. ಕಾಗದ ಇಲ್ಲದವರಿಗೂ ಬದಲಿ ಜಮೀನು ಕೊಡಿ ಎಂದು ಅಸೆಂಬ್ಲಿಯಲ್ಲಿ ಕೇಳುತ್ತೇನೆ ಅಂದವನು ಮಾರಪ್ಪ ಒಬ್ಬನೇ. ಕೇಳದೆ ಬಿಡುವ ಜಾತಿಯ ಮನುಷ್ಯನೂ ಅಲ್ಲ.

ಆ ಸಲ ಮತ ಹಾಕುವ ಕ್ರಮವೇ ಬದಲಾಗಿತ್ತು. ಹಿಂದೆಲ್ಲ ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆ, ನಮಗೆ ಬೇಕಾದವರ ಪೆಟ್ಟಿಗೆಗೆ ಚೀಟಿ ಹಾಕಿ ಬಂದರಾಯಿತು. ಈಗ ಎಲ್ಲರಿಗೂ ಒಂದೇ ಪೆಟ್ಟಿಗೆ. ಚೀಟಿಯ ಮೇಲಿನ ಗುರುತಿಗೆ ರಬ್ಬರ್ ಮುದ್ರೆ ಒತ್ತಬೇಕು. ಗೆಣಸು ಕೊಯ್ದು ಮುದ್ರೆ ಮಾಡಿ, ಶಾಯಿ ಹಚ್ಚಿ, ಮಾರಪ್ಪನ ತಕ್ಕಡಿ ಗುರುತಿನ ಮೇಲೆ ಒತ್ತುವುದನ್ನು ನಾನೇ ಊರಿಗೆಲ್ಲ ಕಲಿಸಿದೆ. ನನ್ನ ಸೋದರತ್ತೆ ಗುತ್ಯಮ್ಮ ನನಗಿಂತ ನೆಟ್ಟಗೆ ಒತ್ತುತ್ತಿದ್ದಳು.

ಮತದಾನಕ್ಕೆ ಎರಡು ದಿನ ಮುಂಚೆ ಬಸ್ಸಿನಲ್ಲಿ ಯಾರೋ ಅಂದರು, "ಎಂತ ನಾಗರಾಜಪ್ಪ, ನಿಮ್ಮೂರು ಸೀತಾರಾಮಪ್ಪೋರ ಕಡೆ ವಾಲ್ತಂತೆ? ಜೀಪು ಬಂದಿತ್ತಂತೆ, ಮಂಡಕ್ಕಿ ಹಂಚಿದ್ರಂತೆ?" ಅಷ್ಟು ಸಾಕಾಯಿತು ನನಗೆ. ಊರಿಗೆ ಬಂದವನೇ ಎಲ್ಲರನ್ನೂ ಶಾಲೆಯ ಎದುರು ಸೇರಿಸಿದೆ. ಜೀಪು ಬಂದಿದ್ದು ನಿಜ, ಮಂಡಕ್ಕಿ ತಿಂದಿದ್ದೂ ನಿಜ.

"ಮಂಡಕ್ಕಿ ತಿಂದು ಮತ ಮಾರ್ಕಂತೀರಾ?" ಎಂದು ಕೂಗಿದೆ.

"ಕೊಟ್ರು, ತಿಂದ್ವಿ. ಮಂಡಕ್ಕಿ ತಿಂದ್ರೆ ಮತ ಕೊಟ್ಟಂಗಾ?" ಎಂದ ಬೆಳ್ಳಪ್ಪ.

ಅವನು ಹೇಳಿದ್ದು ಸರಿಯಾಗಿಯೇ ಇತ್ತು. ಆದರೆ ಸಿಟ್ಟು ಬಂದವನಿಗೆ ಸರಿಯಾದ ಮಾತೇ ಹೆಚ್ಚು ಚುಚ್ಚುತ್ತದೆ. "ಎಣಿಸೋವಾಗ ಎದುರಿಗೆ ಕೂತಿರೋನು ನಾನು. ಒಂದೊಂದು ಚೀಟಿನೂ ನೋಡ್ತೀನಿ. ಯಾರು ಕೊಟ್ರು, ಯಾರು ಕೈಕೊಟ್ರು ಎಲ್ಲಾ ಗೊತ್ತಾಗ್ತದೆ ನಂಗೆ!" ಎಂದುಬಿಟ್ಟೆ. ಚೀಟಿಯಲ್ಲಿ ಹೆಸರಿರುವುದಿಲ್ಲ, ನನಗೆ ಏನೂ ಗೊತ್ತಾಗುವುದಿಲ್ಲ. ಹೆದರಿಸಲಿಕ್ಕೆ ಹೇಳಿದ ಸುಳ್ಳು ಅದು. ಯಾರೂ ಎದುರಾಡಲಿಲ್ಲ. ನಾನು ಗೆದ್ದೆ ಅಂದುಕೊಂಡು ಮನೆಗೆ ಹೋದೆ.

ಮತದಾನದ ದಿನ ಮೊದಲನೇ ಚೀಟಿ ನನ್ನದೇ. ಮುದ್ರೆ ಒತ್ತಿ, ಸೈಕಲ್ ಹತ್ತಿ ಬೇರೆ ಬೂತುಗಳಿಗೆ ಹೋದೆ. ಸಂಜೆ ಬಂದಾಗ ಬೆಳ್ಳಪ್ಪ ನಗುತ್ತ, "ಈ ಸಲ ನಿಂಗೆ ಅನುಮಾನನೇ ಬರಲ್ಲ, ನೋಡು" ಅಂದ. ನಾನೂ ನಕ್ಕೆ.

ಎಣಿಕೆಯ ದಿನ ಮಧ್ಯಾಹ್ನದ ಹೊತ್ತಿಗೆ ಹೋಟೆಲಿನವರ ಬಾಯಿ ಕಟ್ಟಿತ್ತು. ಬೂತು ಬೂತಿಗೂ ಮಾರಪ್ಪ ಸಮಸಮ ಬರುತ್ತಿದ್ದ. ಕೊನೆಗೆ ಉಳಿದದ್ದು ಹೊಳೆಕೊಪ್ಪದ ಪೆಟ್ಟಿಗೆ. ಮಾರಪ್ಪ ನೂರ ಎಪ್ಪತ್ತಮೂರು ಮತ ಹಿಂದಿದ್ದ. ನಮ್ಮೂರಲ್ಲಿ ಬಿದ್ದದ್ದು ಇನ್ನೂರೈವತ್ತೊಂದು ಮತ. ಸೀತಾರಾಮಪ್ಪನವರ ಏಜೆಂಟ್ ಆಗಲೇ ಬೆವರು ಒರೆಸಿಕೊಳ್ಳುತ್ತಿದ್ದ. ಆಗಲೇ ನಾನು ನಕ್ಕದ್ದು.

ಅಧಿಕಾರಿ ತೀರ್ಥಹಳ್ಳಿ ಕಡೆಯವರು, ಮೆತ್ತಗಿನ ಮನುಷ್ಯ. ಮೊದಲ ಚೀಟಿ ಬಿಡಿಸಿ ಪಕ್ಕಕ್ಕಿಟ್ಟರು. ಎರಡನೆಯದು ಬಿಡಿಸಿದರು. ಮೂರನೆಯದು. ನಾಲ್ಕನೆಯದನ್ನು ಬಿಡಿಸಿ ನನ್ನ ಮುಖ ನೋಡಿದರು.

ತಕ್ಕಡಿಯ ಮೇಲೆ ಮುದ್ರೆ ಇರಲಿಲ್ಲ. ಹೆಬ್ಬೆಟ್ಟಿತ್ತು.

ಮುದ್ರೆಗೆಂದು ಇಟ್ಟ ಶಾಯಿಯಲ್ಲೇ ಹೆಬ್ಬೆರಳು ಅದ್ದಿ, ತಕ್ಕಡಿಯ ಮೇಲೆ ಸರಿಯಾಗಿ, ಅಂಚು ದಾಟದಂತೆ ಒತ್ತಿದ್ದರು. ಒಂದಾದ ಮೇಲೆ ಒಂದು ಚೀಟಿ ಬಿಚ್ಚಿದರು, ಹೆಚ್ಚುಕಡಿಮೆ ಎಲ್ಲದರಲ್ಲೂ ಅದೇ. "ಸಾರ್, ಎಲ್ಲಾ ತಕ್ಕಡಿಗೇ ಹಾಕಿದಾರೆ. ಅನುಮಾನ ಎಂತ ಇದೆ ಸಾರ್ ಇದ್ರಲ್ಲಿ?" ಅಂದೆ.

"ಅನುಮಾನ ಇಲ್ಲ ಕಣಪ್ಪ. ಆದರೆ ಮತ ಹಾಕಿದವರು ಯಾರು ಅಂತ ಗುರುತು ಸಿಗೋ ಹಂಗೆ ಏನೇ ಇದ್ರೂ ಆ ಚೀಟಿ ತಿರಸ್ಕೃತ. ನಿಯಮ," ಎಂದರು. ಪುಸ್ತಕ ತೆಗೆದು ಓದಿಯೂ ತೋರಿಸಿದರು. ಅಕ್ಷರ ಬಲ್ಲ ನಾನು ಓದಿದೆ, ಹಾಗೇ ಬರೆದಿತ್ತು.

ತಿರಸ್ಕೃತ ಚೀಟಿಗಳ ಕಟ್ಟು ಬೆಳೆಯುತ್ತ ಹೋಯಿತು. ಒಂದು ಚೀಟಿಯಲ್ಲಿ ಹೆಬ್ಬೆಟ್ಟಿನ ನಡುವೆ ಅಡ್ಡಕ್ಕೆ ಬಿಳಿ ಗೆರೆ. ಕತ್ತಿ ತಾಗಿ ಸೀಳಿದ್ದ ಗುತ್ಯಮ್ಮತ್ತೆಯ ಬೆರಳು! ಇನ್ನೊಂದರಲ್ಲಿ ಅರ್ಧ ಹೆಬ್ಬೆಟ್ಟು, ಆಲೆಮನೆಯ ಗಾಣಕ್ಕೆ ತುದಿ ಕೊಟ್ಟಿದ್ದ ಬೆಳ್ಳಪ್ಪನದು. ಯಾರು ಕೊಟ್ಟರು ಎಂದು ನನಗೆ ಗೊತ್ತಾಗುತ್ತದೆ ಅಂದಿದ್ದೆನಲ್ಲ, ಗೊತ್ತಾಯಿತು.

ಅಧಿಕಾರಿ ಓದಿದರು. "ಹೊಳೆಕೊಪ್ಪ. ಸೀತಾರಾಮಪ್ಪ, ಒಂಬತ್ತು. ಮಾರಪ್ಪ, ಒಂದು. ತಿರಸ್ಕೃತ, ಇನ್ನೂರ ನಲವತ್ತೊಂದು."

ಆ ಒಂದು ನನ್ನದು.

ಮಾರಪ್ಪ ಹೊರಗೆ ಮರದ ಕೆಳಗೆ ನಿಂತಿದ್ದ. ನಡೆದದ್ದನ್ನು, ಶಾಲೆಯೆದುರು ನಾನಾಡಿದ ಮಾತು ಸಮೇತ, ಹೇಳಿದೆ. ಅವನು ಬೈದಿದ್ದರೆ ಚೆನ್ನಾಗಿತ್ತು. "ನಡಿ, ನಿಮ್ಮೂರಿಗೆ ಹೋಗನ. ಬೇರೆಯವ್ರ ಬಾಯಲ್ಲಿ ಕೇಳದು ಬ್ಯಾಡ ಅವ್ರು," ಅಂದ.

ಮಾರನೇ ಬೆಳಿಗ್ಗೆ ಹೋದೆವು. ಊರಿಗೆ ಊರೇ ಶಾಲೆಯ ಮುಂದೆ ಕಾದಿತ್ತು. ಗುತ್ಯಮ್ಮತ್ತೆ ಎಲ್ಲರಿಗಿಂತ ಮುಂದೆ ಬಂದು ನನ್ನ ಕೈ ಹಿಡಿದಳು.

"ನಾಗ್ರಾಜ, ನಂದು ಕಂಡ್ತನಾ?"

"ಕಂಡ್ತು ಅತ್ತೆ."

"ನೋಡಿದ್ರಾ, ನಾ ಹೇಳಿರ್ಲಿಲ್ವಾ!" ಎಂದು ಅವಳು ಹಿಂದಿರುಗಿ ಎಲ್ಲರಿಗೂ ಕೂಗಿದಳು. "ರಬ್ಬರ್ ಮುದ್ರೆ ಎಲ್ರಿಗೂ ಒಂದೇ. ಅದು ನಂದು ಅಂತ ಇವ್ನಿಗೆ ಹೆಂಗೆ ಗೊತ್ತಾಗ್ಬೇಕು? ಕೈಕೊಟ್ರು ಅಂತ ನಮ್ಮ ಮೇಲೆ ಬರಬಾರ್ದು ಅಂತ ನಾನೇ ಎಲ್ರಿಗೂ ಹೇಳ್ದೆ. ಎಷ್ಟು ಮತದಲ್ಲಿ ಗೆದ್ವಿ?"

ಹೇಗೋ ಹೇಳಿದೆ. ಹೆಬ್ಬೆಟ್ಟಿನ ಚೀಟಿ ನಡೆಯುವುದಿಲ್ಲವಂತೆ, ಸೋತೆವು, ಮುದ್ರೆ ಒತ್ತಿದ್ದರೆ ಗೆಲ್ಲುತ್ತಿದ್ದೆವು, ಎಂದೆ. ಯಾರಿಗೂ ಅರ್ಥವಾಗಲಿಲ್ಲ. ಮತ್ತೊಮ್ಮೆ ಹೇಳಿದೆ. ಆಗ ಬೆಳ್ಳಪ್ಪ ನಿಂತಲ್ಲೇ ಕುಕ್ಕರಿಸಿದ. ಮಗುವೊಂದು ಅಳುತ್ತಿತ್ತು, ಅದರ ತಾಯಿಗೆ ಸಮಾಧಾನ ಮಾಡಬೇಕು ಎಂಬುದೂ ಹೊಳೆಯಲಿಲ್ಲ.

"ಒಡೇರ ಸಾಲದ ಕಾಗದಕ್ಕೆ ನಮ್ಮ ಹೆಬ್ಬೆಟ್ಟು ನಡೀತದೆ," ಅಂದಳು ಅತ್ತೆ, ನಿಧಾನವಾಗಿ. "ಎಂತ ಬರ್ದಿದಾರೆ ಅಂತ ಗೊತ್ತಿಲ್ದೆ ಒತ್ತಿದ್ದೆಲ್ಲ ನಡೀತು. ಗೊತ್ತಿದ್ದು ಒತ್ತಿದ್ದು ಇದೊಂದೇ. ಇದು ನಡಿಯಲ್ವಾ?"

"ತಪ್ಪು ನಂದು ಅತ್ತೆ. ಚೀಟಿ ನೋಡಿ ನಂಗೆ ಗೊತ್ತಾಗ್ತದೆ ಅಂದಿದ್ದು ಸುಳ್ಳು. ನಿಮ್ಮ ಮೇಲೆ ಅನುಮಾನ ಬಂದಿತ್ತು."

ಅವಳು ನನ್ನ ಕೈ ಬಿಟ್ಟಳು.

ಮಾರಪ್ಪ ಮುಂದೆ ಬಂದು ಎಲ್ಲರಿಗೂ ಕೈ ಮುಗಿದ. ಏನಾದರೂ ಹೇಳಲೇಬೇಕಲ್ಲ, "ಐದು ವರ್ಷ ತಡೀರಿ ಅಮ್ಮಾ. ಮುಂದಿನ ಸಲ ಸರಿಯಾಗಿ ಒತ್ತನ," ಅಂದ.

"ಎಲ್ಲಿ ನಿಂತ್ಕಂಡು ಒತ್ತದಪ್ಪಾ?" ಎಂದಳು ಗುತ್ಯಮ್ಮತ್ತೆ. "ಅಷ್ಟೊತ್ತಿಗೆ ಇಲ್ಲಿ ನೀರು."