ಕಾಕಾನ ಸಾಮಾನು

ಕೀಲಿಕೈ ಈ ಸಲವೂ ಚಹದ ಕಿಟ್ಲಿಯೊಳಗೇ ಸಿಕ್ಕಿತು. ಗದರಿಸಬೇಕೆಂದು ಹುಬ್ಬು ಗಂಟಿಕ್ಕಿಕೊಂಡ ಉಡಚಪ್ಪ ನಕ್ಕೇಬಿಟ್ಟ. ಕಳ್ಳ ಎದುರಿಗೇ ಕುಳಿತಿದ್ದ. ಬಗಲಮನೆಯ ಮಡಿವಾಳಿ, ಇನ್ನೂ ಎರಡು ತುಂಬದ ಪೋರ, ಈಗ ಗಡಿಯಾರದ ಬೆನ್ನಿನ ತಿರುಪು ಹಿಡಿದು ಜಗ್ಗುತ್ತಿದ್ದ.

ಉಡಚಪ್ಪ ಹುಬ್ಬಳ್ಳಿ ಸ್ಟೇಶನ್ನಿನ ಪಾರ್ಸಲ್ ಆಫೀಸಿನಲ್ಲಿ ಗುಮಾಸ್ತ. ಹೆಂಡತಿ ತೀರಿಹೋಗಿ ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಖಾನಾವಳಿಯಲ್ಲಿ ಉಂಡು ಬಂದು ಕದ ಇಕ್ಕಿಕೊಂಡು ಮಲಗುವುದೇ ಸಂಸಾರ ಎಂದುಕೊಂಡಿದ್ದ. ಬಗಲಮನೆಗೆ ಹೊಸ ಮಾಸ್ತರರ ಕುಟುಂಬ ಬಂದ ಮೇಲೆ ಎಲ್ಲ ತಲೆಕೆಳಗಾಯಿತು. ಸಂಜೆ ಇವನು ಕದ ತೆರೆಯುವುದೇ ತಡ, ಮಡಿವಾಳಿ ಹೊಸ್ತಿಲು ಹಿಡಿದು ಏರಿ ಒಳಗೆ ಬರುತ್ತಿತ್ತು. ಮುಚ್ಚಿದ್ದನ್ನೆಲ್ಲ ತೆಗೆಯಬೇಕು, ತೆಗೆದಿದ್ದನ್ನೆಲ್ಲ ಮುಚ್ಚಬೇಕು; ಅದಕ್ಕೆ ಬೇರೆ ಉದ್ಯೋಗವಿಲ್ಲ. ಉಡಚಪ್ಪನಿಗೂ ದಿನವಿಡೀ ಬೇರೆ ಯೋಚನೆ ಇಲ್ಲದಂತಾಗಿತ್ತು.

ತೊಡಕಿದ್ದದ್ದು ತಾಯಿ ಶಿವಬಸವ್ವನ ಸಂಕೋಚದ್ದು. ಕರೆದೊಯ್ಯಲು ಬಂದಾಗಲೆಲ್ಲ, ನಿಮಗೆ ತ್ರಾಸು ಕೊಡುತ್ತಾನೆ ಎಂದು ನಾಚಿಕೊಳ್ಳುತ್ತಿದ್ದಳು. ಇರಲಿ ಬಿಡವ್ವಾ ಎನ್ನುವುದಕ್ಕಿಂತ ಹೆಚ್ಚಿನದು ಇವನ ಬಾಯಿಗೆ ಬರುತ್ತಿರಲಿಲ್ಲ. ನಿನ್ನ ಮಗ ಬಾರದಿದ್ದರೆ ನನಗೆ ತುತ್ತು ಇಳಿಯುವುದಿಲ್ಲ ಎಂದು ತಲೆ ನೆರೆತ ಗಂಡಸು ಹೇಗೆ ಹೇಳಿಯಾನು?

ಆ ಸಂಜೆ ಗಡಿಯಾರ ಕೆಳಗೆ ಬಿದ್ದು ಗಾಜು ಒಡೆಯಿತು. ಓಡಿ ಬಂದ ಶಿವಬಸವ್ವ ಮಗುವಿನ ಬೆನ್ನಿಗೆ ಎರಡು ಬಾರಿಸಿ ಎತ್ತಿಕೊಂಡು ಹೋದಳು. ಅದು ಅಳುವುದು ಗೋಡೆಯಾಚೆಯಿಂದ ಕೇಳುತ್ತಲೇ ಇತ್ತು. ಒಡೆಯದ ಆಟಿಗೆಗಳಿದ್ದರೆ ಕೂಸು ಪೆಟ್ಟು ತಿನ್ನದೆ ಬಂದು ಆಡಬಹುದು ಎಂದು ಉಡಚಪ್ಪನಿಗೆ ಹೊಳೆಯಿತು.

ಮರುದಿನ ದುರ್ಗದಬೈಲಿನ ಪೇಟೆಗೆ ಹೋದ. ಆಟಿಗೆ ಅಂಗಡಿಯ ಅಹಮದಸಾಬ ಕೀಲಿ ಕೊಟ್ಟರೆ ಕುಣಿಯುವ ತಗಡಿನ ಮಂಗನನ್ನು ಮುಂದಿಟ್ಟ. ನಮ್ಮ ಹುಡುಗ ಒಮ್ಮೆ ಕುಣಿಸಿ ಮರುಗಳಿಗೆಗೇ ಇದರ ಹೊಟ್ಟೆ ಬಗೆಯುತ್ತಾನೆ ಎಂದ ಉಡಚಪ್ಪ. ಅಹಮದಸಾಬ ನಕ್ಕು, ಮತ್ತೇನೇನು ಮಾಡುತ್ತಾನೆ ಎಂದು ಕೇಳಿದ್ದೇ ತಪ್ಪಾಯಿತು. ಕಿಟ್ಲಿಯ ಕಥೆ, ಬೂಟಿನೊಳಗೆ ಸಿಕ್ಕ ಚಮಚದ ಕಥೆ, ನಲ್ಲಿಯ ಬಾಯಿಗೆ ಕಣ್ಣಿಟ್ಟು ನೀರು ಎಲ್ಲಿಂದ ಬರುತ್ತದೆಂದು ನೋಡಿದ ಕಥೆ. ಆಫೀಸಿನಲ್ಲಿ ವರ್ಷಕ್ಕೂ ಇಷ್ಟು ಮಾತಾಡಿದವನಲ್ಲ.

"ಮೊಮ್ಮಗನೇನ್ರಿ?"

"ಹೂಂ," ಎಂದುಬಿಟ್ಟ ಉಡಚಪ್ಪ. ಅಂದ ಮೇಲೆ ಕಿವಿ ಬಿಸಿಯಾದವು.

ಕೊನೆಗೆ ದಾರ ಕಟ್ಟಿ ಎಳೆಯುವ ಕಟ್ಟಿಗೆಯ ಬಂಡಿ, ಒಂದರೊಳಗೊಂದು ಕೂಡುವ ಡಬ್ಬಿಗಳು ಮನಸ್ಸಿಗೆ ಬಂದವು. ಕೂಸು ಎಲ್ಲವನ್ನೂ ಬಾಯಿಗಿಡುತ್ತದೆಂದು, ಹೆಬ್ಬೆರಳನ್ನು ಉಗುಳಿನಲ್ಲಿ ತೋಯಿಸಿ ಒಂದೊಂದನ್ನೂ ತಿಕ್ಕಿ, ಬಣ್ಣ ಬಿಡುವುದಿಲ್ಲವೆಂದು ಖಾತ್ರಿ ಮಾಡಿಕೊಂಡ.

ಅವನ್ನು ತನ್ನ ಕೋಣೆಯಲ್ಲೇ ಇಟ್ಟುಕೊಳ್ಳಬೇಕೆಂದು ದಾರಿಯುದ್ದಕ್ಕೂ ಅನಿಸುತ್ತಿತ್ತು. ಆದರೆ ಕೂಸಿಗೆಂದು ತಂದದ್ದನ್ನು ಕೈಯೆತ್ತಿ ಕೊಡದೆ ತನ್ನ ಮನೆಯಲ್ಲಿ ಇಟ್ಟುಕೊಂಡರೆ ಜನ ಏನೆಂದಾರು? ನೇರವಾಗಿ ಬಗಲಮನೆಗೇ ಹೋಗಿ ಶಿವಬಸವ್ವನ ಕೈಗೆ ಕೊಟ್ಟ. ಅವಳ ಮುಖ ಚಿಕ್ಕದಾಯಿತು.

"ತಿಳೀತ್ರಿ ಕಾಕಾರ. ನೀವು ಬಾಯಿಬಿಟ್ಟು ಹೇಳೋ ಮಂದಿ ಅಲ್ಲ. ಇಷ್ಟ ದಿನ ನಿಮ್ಮ ಸಾಮಾನೆಲ್ಲಾ ಹಾಳ ಮಾಡ್ಯಾನ. ಇನ್ನ ಇವನ್ನ ಹಿಡ್ಕೊಂಡು ನಮ್ಮನ್ಯಾಗ ಆಡ್ತಾನ, ನಿಮ್ಮ ಕಡೆ ಬಿಡೂದಿಲ್ರಿ."

"ಅಲ್ಲವ್ವಾ, ನಾ ಹಂಗ…"

ಅಷ್ಟರಲ್ಲಿ ಮಾಸ್ತರರು ಹೊರಗೆ ಬಂದು ಕೈಮುಗಿದು, ಇಷ್ಟೆಲ್ಲ ಯಾಕೆ ತರಲು ಹೋದಿರಿ ಎಂದು ಉಪಚಾರದ ಮಾತಾಡಿ, ಚಹ ಮಾಡಿಸಿದರು. ಉಡಚಪ್ಪ ಚಹ ಕುಡಿದು, ಛಲೋ ಆಗಿದೆ ಎಂದು ಹೊಗಳಿ ಎದ್ದು ಬಂದ.

ಮುಂದಿನ ಸಂಜೆಗಳಲ್ಲಿ ಕದ ತೆರೆದೇ ಇರುತ್ತಿತ್ತು, ಯಾರೂ ಬರುತ್ತಿರಲಿಲ್ಲ. ಗೋಡೆಯಾಚೆ ಗಾಲಿ ಉರುಳುವ ಸದ್ದು ಮಾತ್ರ. ಅದನ್ನು ಕೇಳುತ್ತ ಕೂತವನಿಗೆ ತಾನೇ ದುಡ್ಡು ಕೊಟ್ಟು ಕೂಸನ್ನು ಕಳೆದುಕೊಂಡೆ ಎಂದು ದುಃಖ ಒತ್ತರಿಸಿ ಬರುತ್ತಿತ್ತು. ಆಫೀಸಿನಲ್ಲಿ ಪಾರ್ಸಲ್ಲುಗಳ ನಡುವೆ ಒಂದೇ ಮಾತನ್ನು ಹೇಳಿ ಹೇಳಿ ಬಾಯಿಪಾಠ ಮಾಡಿದ: ಕಳಸವ್ವಾ, ಅಂವಾ ಬಂದ್ರ ನನಗ ಛಲೋ ಅನಸ್ತೈತಿ.

ಒಂದು ಸಂಜೆ ಗಾಲಿಯ ಸದ್ದು ಹೊರಗಿನ ಕಟ್ಟೆಯ ಮೇಲೆ ಬಂತು, ಅವನ ಬಾಗಿಲಿನ ತನಕ ಬಂತು. ಹಿಂದೆಯೇ ಶಿವಬಸವ್ವನ ದನಿ ಕೇಳಿತು.

"ಅಲ್ಲಿ ಹೋಗಬ್ಯಾಡ ಮಡಿವಾಳಿ, ಕಾಕಾಗ ತ್ರಾಸ ಆಕ್ಕೈತಿ."

ಉಡಚಪ್ಪ ಎದ್ದು ಬಾಗಿಲಿಗೆ ಬಂದ. ಆಗಲೇ ಅವಳು ಮಗುವನ್ನು ಕಂಕುಳಿಗೆ ಎತ್ತಿಕೊಂಡಿದ್ದಳು. ಇವನನ್ನು ಕಂಡು ಮುಖವರಳಿಸಿ, ಮಗಳು ತಂದೆಯನ್ನು ಕೇಳುವಂತೆ ಕೇಳಿದಳು:

"ಈಗ ಆರಾಮ ಆತಲ್ರಿ, ಕಾಕಾರ?"

ಬಾಯಿಪಾಠದ ಮಾತು ಗಂಟಲ ತನಕ ಬಂತು. ಅವಳು ಒಳ್ಳೆಯ ಮಾತೊಂದಕ್ಕೆ ಕಾಯುತ್ತ ನಿಂತಿದ್ದಳು.

"ಹೂಂ ತಂಗಿ," ಎಂದ ಉಡಚಪ್ಪ. "ಭಾಳ ಆರಾಮ ಆತು."

ಅವಳು ತೃಪ್ತಳಾಗಿ ಹೊರಳಿದಳು. ಮಗು ತಾಯಿಯ ಹೆಗಲ ಮೇಲಿಂದ ಇವನನ್ನೇ ನೋಡುತ್ತ ಹೋಯಿತು. ಅದು ಕೈಬಿಡದ ದಾರದ ತುದಿಗೆ ಬಂಡಿ ಮಗುಚಿಕೊಂಡು, ಗಾಲಿ ಮೇಲಾಗಿ, ಕಟ್ಟೆಯ ಕಲ್ಲಿಗೆ ಬಡಿಯುತ್ತ ಅವರ ಹಿಂದೆ ಹೋಗುತ್ತಿತ್ತು.