ಚೌಕಟ್ಟಿನಂಚಿನ ಹಸಿರು ಸ್ವೆಟರ್

ನೀರುಕಾಗೆಯ ರೆಕ್ಕೆಯ ತುದಿ ಕತ್ತರಿಸಿ ಹೋಗದಂತೆ ಫೋಟೋದ ಚೌಕಟ್ಟನ್ನು ಎಡಕ್ಕೆ ಎಳೆಯುತ್ತಿದ್ದೆ. ಒಲೆಯ ಮೇಲೆ ಅತ್ತೆಯ ಹಾಲಿತ್ತು. ಒಂದು ಕಣ್ಣು ಹಾಲಿನ ಮೇಲೆ, ಒಂದು ಕಣ್ಣು ಲ್ಯಾಪ್‌ಟಾಪಿನ ಮೇಲೆ. ಪಕ್ಷಿವೀಕ್ಷಕರ ಸಂಘದಲ್ಲಿ ನನ್ನ ಪಾಲಿನ ಕೆಲಸ ಇದು. ಸದಸ್ಯರು ತೆಗೆದ ಫೋಟೋಗಳೆಲ್ಲ ನನ್ನ ಹತ್ತಿರ ಬರುತ್ತವೆ. ಹಕ್ಕಿ ನಡುವೆ ಕೂರುವ ಹಾಗೆ ಸುತ್ತಲಿನದನ್ನು ಕತ್ತರಿಸಿ, ಸಾಲಾಗಿ ಜೋಡಿಸಿ, ತಿಂಗಳ ಕೊನೆಯ ಶನಿವಾರ ಗ್ರಂಥಾಲಯದ ಮಹಡಿಯಲ್ಲಿ ತೆರೆಯ ಮೇಲೆ ತೋರಿಸುತ್ತೇನೆ. ಎಲ್ಲರೂ ನೋಡುವುದು ಹಕ್ಕಿಯನ್ನು. ಹಕ್ಕಿಯ ಸುತ್ತ ಏನಿತ್ತು ಅನ್ನುವುದು ನನಗೊಬ್ಬಳಿಗೇ ಗೊತ್ತು. ಯಾರದೋ ಟೋಪಿಯ ಅಂಚು, ಕೆಸರಲ್ಲಿ ಹೂತ ಬಾಟಲಿ, ಯಾರೋ ಮರೆತುಹೋದ ಒಂಟಿ ಚಪ್ಪಲಿ, ಇಂಥವು.

ಆ ಫೋಟೋದ ಬಲ ಅಂಚಿನಲ್ಲಿ, ಜೊಂಡಿನ ನಡುವೆ ಒಬ್ಬ ಹೆಂಗಸು ನಿಂತಿದ್ದಳು. ಬೆನ್ನು ಈ ಕಡೆ. ಹಸಿರು ಸ್ವೆಟರ್. ಕತ್ತರಿಸಿ ಎಸೆಯಬೇಕಾದ ಭಾಗ ಅದು. ಕೈ ಆಗಲೇ ಮೌಸಿನ ಮೇಲಿತ್ತು. ಆದರೆ ಅವಳ ಎಡ ಮೊಣಕೈಯಲ್ಲಿ ಕಂದು ಬಣ್ಣದ ತೇಪೆ ಕಂಡಿತು.

ಆ ತೇಪೆ ಹಾಕಿದವಳು ನಾನು. ಹಸಿರು ಉಣ್ಣೆ ಮುಗಿದುಹೋಗಿತ್ತು, ಇದ್ದ ಕಂದು ಉಣ್ಣೆಯಲ್ಲೇ ಹೆಣೆದಿದ್ದೆ. "ಇದನ್ನ ಹಾಕ್ಕೊಂಡು ಹೊರಗೆ ಬರಬೇಡ ಮಾರಾಯ್ತಿ" ಎಂದು ಇವರು ನಕ್ಕಿದ್ದರು. ಹಾಗೆ ನಗೆಗೀಡಾದ ಸ್ವೆಟರ್ ಇನ್ನೊಂದು ಇರಲಿಕ್ಕಿಲ್ಲ. ಸಾಲದ್ದಕ್ಕೆ ಅವಳು ಬಲಗೈಯಿಂದ ಎಡ ಮೊಣಕೈ ಹಿಡಿದು, ಭಾರವನ್ನೆಲ್ಲ ಒಂದೇ ಕಾಲಿಗೆ ಹಾಕಿ ನಿಂತಿದ್ದಳು. ಬಸ್ಸಿಗೆ ಕಾಯುವಾಗ, ಅತ್ತೆಯ ವರದಿಗಾಗಿ ಆಸ್ಪತ್ರೆಯಲ್ಲಿ ಕಾಯುವಾಗ, ನಾನು ನಿಲ್ಲುವುದು ಹಾಗೆಯೇ.

ಹಾಲು ಉಕ್ಕಿ ಒಲೆಯ ಮೇಲೆ ಚೊರ್ರೆಂದಿತು.

"ಏನೇ ಅದು ವಾಸನೆ?" ಅತ್ತೆ ಕೋಣೆಯಿಂದ ಕೇಳಿದರು.

"ಏನಿಲ್ಲ ಅತ್ತೆ, ಹಾಲು."

"ಹಕ್ಕಿ ನೋಡ್ತಾ ಕೂತಿದ್ದೆ ತಾನೇ. ಹಾಲಿಗೂ ರೆಕ್ಕೆ ಬಂತು, ಹೋಯ್ತು."

ಉಳಿದ ಹಾಲನ್ನು ಲೋಟಕ್ಕೆ ಬಗ್ಗಿಸಿ ಕುಡಿಸಿದೆ. ಅತ್ತೆ ಬಚ್ಚಲಲ್ಲಿ ಬಿದ್ದು ಸೊಂಟ ಮುರಿದುಕೊಂಡಂದಿನಿಂದ ಸಂಘದವರು ಹಕ್ಕಿ ನೋಡಲು ಹೋಗುವ ಜೌಗಿನ ಕಡೆ ನಾನು ಕಾಲಿಟ್ಟಿಲ್ಲ. ಅದಕ್ಕೆ ಮುಂಚೆ ಇವರಿಗಿಂತ ನನಗೇ ಹಕ್ಕಿ ಹುಚ್ಚು ಹೆಚ್ಚು. ಈಗ ಭಾನುವಾರ ಬೆಳಿಗ್ಗೆ ಇವರು ಫ್ಲಾಸ್ಕಿಗೆ ಚಹಾ ತುಂಬಿಸಿಕೊಂಡು ಹೊರಡುತ್ತಾರೆ, ನಾನು ಅತ್ತೆಯ ಹಾಸಿಗೆ ಬಟ್ಟೆ ನೆನೆಹಾಕುತ್ತೇನೆ. ಫೋಟೋ ಜೋಡಿಸುವ ಕೆಲಸ ಸಿಕ್ಕಿದ್ದೂ ಹಾಗೆಯೇ. "ಮನೇಲೇ ಇರ್ತೀಯಲ್ಲ" ಎಂದಿದ್ದರು ಇವರು.

ಅತ್ತೆ ಮಲಗಿದ ಮೇಲೆ ಹಳೆಯ ಫೋಟೋಗಳನ್ನು, ಕತ್ತರಿಸುವ ಮೊದಲಿನವನ್ನು, ತೆರೆದೆ. ಸಂಘದ ದಂತವೈದ್ಯೆ ತೆಗೆದ ಗುಳುಮುಳುಕ ಹಕ್ಕಿಯ ಚಿತ್ರದಲ್ಲಿ, ಆಚೆ ದಡದಲ್ಲಿ, ಹಸಿರು ಚುಕ್ಕೆ. ಮೇಷ್ಟ್ರು ತೆಗೆದ ಬಾತುಗಳ ಹಿಂದೆ, ಒಡ್ಡಿನ ಮೇಲೆ, ಸ್ವಲ್ಪ ದೊಡ್ಡ ಚುಕ್ಕೆ. ಆಮೇಲಿನ ತಿಂಗಳಲ್ಲಿ ಚುಕ್ಕೆಗೆ ಕೈಕಾಲು ಬಂದಿದ್ದವು. ಅದನ್ನೆಲ್ಲ ನಾನೇ ಕತ್ತರಿಸಿದ್ದೆ, ನನ್ನ ಕೈಯಾರೆ, ನೋಡದೆ. ಪ್ರತಿ ತಿಂಗಳೂ ಅವಳು ಕ್ಯಾಮೆರಾಗೆ ಒಂದಿಷ್ಟು ಹತ್ತಿರ ಬಂದಿದ್ದಳು.

ಊಟಕ್ಕೆ ಕೂತಾಗ ಇವರನ್ನು ಕೇಳಿದೆ. "ನಿಮ್ಮ ಗುಂಪಲ್ಲಿ ಹಸಿರು ಸ್ವೆಟರ್ ಹಾಕ್ಕೊಂಡು ಯಾರಾದ್ರೂ ಬರ್ತಾರಾ?"

"ನಾನು ಹೋಗೋದು ಹಕ್ಕಿ ನೋಡೋಕೆ, ಸ್ವೆಟರ್ ನೋಡೋಕಲ್ಲ."

"ಹೆಂಗಸು. ನನ್ನಷ್ಟೇ ಎತ್ತರ."

"ಎಲ್ಲರೂ ನನ್ನ ಹಿಂದೆ ಬರ್ತಾರೆ. ಹಿಂದಕ್ಕೆ ತಿರುಗಿದ್ರೆ ಮುಂದಿನ ಹಕ್ಕಿ ಹಾರಿಹೋಗುತ್ತೆ." ತಟ್ಟೆಯಿಂದ ತಲೆಯೆತ್ತದೆ ಹೇಳಿದರು. "ಉಪ್ಪು ಕೊಡು."

ಸಂಘದ ಒಂದು ಪದ್ಧತಿ ಹೇಳಬೇಕು. ಜೌಗಿನ ಗೇಟು ದಾಟಿದರೆ ಯಾರೂ ಮಾತಾಡುವ ಹಾಗಿಲ್ಲ. ಗೇಟಿಗೆ ಮರಳುವ ತನಕ ಕೈಸನ್ನೆ ಮಾತ್ರ. ಬಾಯಿಬಿಟ್ಟವರು ಮುಂದಿನ ಸಭೆಯಲ್ಲಿ ಎಲ್ಲರಿಗೂ ಚಹಾ ಹಂಚಬೇಕು. ಮೇಷ್ಟ್ರು ಮಾಡಿದ ನಿಯಮ. ಮೂವತ್ತು ವರ್ಷ ತರಗತಿಯಲ್ಲಿ ಗಂಟಲು ಹರಿದುಕೊಂಡವರಿಗೆ ಮೌನ ಅಂದರೆ ಪ್ರಾಣ. ಮಾತೆಲ್ಲ ಶನಿವಾರದ ಸಭೆಗೆ. ಹಾಗಾಗಿ ಆ ಸಾಲಿನಲ್ಲಿ ಯಾರೇ ಬಂದು ಸೇರಿಕೊಂಡರೂ ನೀವ್ಯಾರು ಎಂದು ಕೇಳುವವರಿಲ್ಲ.

ಶನಿವಾರ ಪಕ್ಕದ ಮನೆಯಾಕೆ ಅತ್ತೆಯ ಹತ್ತಿರ ಕೂರಲು ಬಂದರು. ನಾನೂ ಇವರೂ ಗ್ರಂಥಾಲಯಕ್ಕೆ ಹೋದೆವು. ಮಹಡಿಯ ಕೋಣೆಯಲ್ಲಿ ಹಳೆಯ ಕಾಗದದ ವಾಸನೆ, ಕಾಲು ಅಲ್ಲಾಡುವ ಕುರ್ಚಿಗಳು, ಗೋಡೆಗೆ ನೇತುಹಾಕಿದ ತೆರೆ. ಮೊದಲು ಮೇಷ್ಟ್ರು ಗೂಡು ಬದಲಿಸುವ ಹಕ್ಕಿಗಳ ಬಗ್ಗೆ ಮಾತಾಡಿದರು. ಕೆಲವು ಹಕ್ಕಿಗಳು ತಮ್ಮ ಗೂಡಿನಲ್ಲಿ ಇನ್ನೊಂದು ಬಂದು ಕೂತರೂ ಜಗಳ ಮಾಡುವುದಿಲ್ಲವಂತೆ. ಸುಮ್ಮನೆ ಹಾರಿಹೋಗುತ್ತವಂತೆ. ಯಾಕೆ ಎಂದು ಯಾರಿಗೂ ಗೊತ್ತಿಲ್ಲವಂತೆ.

ಆಮೇಲೆ ದೀಪ ಆರಿಸಿ ನಾನು ಫೋಟೋ ಶುರುಮಾಡಿದೆ. ಒಂದನ್ನು ಮಾತ್ರ ಕತ್ತರಿಸದೆ ಇಟ್ಟಿದ್ದೆ. ನೀರುಕಾಗೆ ತೆರೆಯ ಒಂದು ಮೂಲೆಗೆ ಸರಿದಿತ್ತು. ಹಸಿರು ಸ್ವೆಟರಿನವಳು ಇನ್ನೊಂದು ಮೂಲೆಯಲ್ಲಿ ಆಳೆತ್ತರ ನಿಂತಿದ್ದಳು.

"ಸಣ್ಣ ನೀರುಕಾಗೆ" ಎಂದರು ದಂತವೈದ್ಯೆ.

"ಕೊಕ್ಕು ನೋಡಿ ಮೇಡಂ. ಸಣ್ಣದಲ್ಲ" ಎಂದ ಕೊಕ್ಕರೆ. ಕೊಕ್ಕರೆ ಅಂದರೆ ವಿಮಾ ಕಚೇರಿಯ ಗುಮಾಸ್ತ. ಕಾಲುಗಳಿಂದ ಬಂದ ಹೆಸರು.

"ನೀವು ಕೊಕ್ಕು ನೋಡಿ, ನಾನು ಹಲ್ಲು ನೋಡೋಳು. ನನಗೆ ಸಣ್ಣದೇ."

ಎಲ್ಲರೂ ನಕ್ಕರು. ಕುತ್ತಿಗೆಯ ಬಣ್ಣ, ಕಣ್ಣಿನ ಬಣ್ಣ, ನೀರಲ್ಲಿ ಎಷ್ಟು ಮುಳುಗಿದೆ ಅನ್ನುವ ವಾದ ಎಳೆದಾಡಿತು. ಇವರೂ ಎದ್ದು ಹೋಗಿ ತೆರೆಯ ಮೇಲೆ ಬೆರಳಿಟ್ಟು ವಾದಿಸಿದರು. ಅವಳ ನೆರಳು ಇವರ ಭುಜದ ಮೇಲೆ ಬಿದ್ದಿತ್ತು. ಯಾರೊಬ್ಬರೂ ಅವಳ ಮಾತೆತ್ತಲಿಲ್ಲ. ಹಕ್ಕಿ ನೋಡುವವರ ಕಣ್ಣು ಹಾಗೆಯೇ, ಹಕ್ಕಿಯಲ್ಲದ್ದು ಎದುರಿಗೇ ನಿಂತರೂ ಅದಕ್ಕೆ ಬರೀ ಕೊಂಬೆಯಷ್ಟೇ.

ಚಹಾದ ಹೊತ್ತಿಗೆ ಇವರು ಪ್ರೊಜೆಕ್ಟರಿನ ವೈರು ಸುತ್ತುತ್ತಿದ್ದರು. ಮೇಷ್ಟ್ರು ನನ್ನ ಹತ್ತಿರ ಬಂದರು.

"ಮತ್ತೆ ಬರೋಕೆ ಶುರು ಮಾಡಿದ್ರಲ್ಲಮ್ಮ, ಸಂತೋಷ. ಯಜಮಾನರ ಹತ್ರ ಹೇಳೋಣ ಅಂದ್ಕೊಂಡೆ."

"ಎಲ್ಲಿಗೆ?"

"ಎಲ್ಲಿಗೆ ಅಂತೀರಲ್ಲ. ಜೌಗಿಗೆ."

ಕೊಕ್ಕರೆ ಲೋಟ ಹಿಡಿದು ನಡುವೆ ಬಾಯಿ ಹಾಕಿದ. "ನಮ್ಮ ಗುಂಪಲ್ಲಿ ಹೆಜ್ಜೆ ಸಪ್ಪಳ ಇಲ್ಲದೆ ನಡೆಯೋರು ಅಂದ್ರೆ ಅಕ್ಕ ನೀವೊಬ್ರೇ. ನನ್ನ ಹಿಂದೇನೇ ಇರ್ತೀರ, ಗೊತ್ತೇ ಆಗಲ್ಲ. ಗೇಟ್ ಹತ್ರ ಮಾತಾಡೋಣ ಅಂತ ತಿರುಗಿದ್ರೆ ಮಾಯ."

"ಅತ್ತೆಗೆ ಔಷಧಿ ಹೊತ್ತಾಯ್ತು ಅಂತ ಓಡ್ತಾರೆ ಪಾಪ" ಎಂದರು ದಂತವೈದ್ಯೆ. "ಆದ್ರೂ ಒಂದು ಮಾತು. ಬೆಚ್ಚಗೆ ಬನ್ನಿ. ಹೋದ ಸಲ ನಿಮ್ಮ ಕೈ ತಾಗಿತ್ತು, ಮಂಜುಗಡ್ಡೆ."

ನಾನು ನಕ್ಕೆ. ನಾನಲ್ಲ ಅಂದರೆ ಯಾರು ಎಂದು ಕೇಳುತ್ತಾರೆ. ಲೋಟ ತುಟಿಗಿಟ್ಟುಕೊಂಡು ಇವರ ಕಡೆ ನೋಡಿದೆ. ವೈರು ಸುತ್ತಿ ಮುಗಿದಿತ್ತು, ಗಂಟು ಹಾಕುತ್ತಿದ್ದರು. ಎಲ್ಲರೂ ಅವಳನ್ನು ಕಂಡಿದ್ದರು. ಕಂಡು, ನಾನು ಎಂದುಕೊಂಡಿದ್ದರು. ಕಾಣದಿದ್ದವರು ಇವರೊಬ್ಬರೇ. ಹೆದರಿಕೆಗಿಂತ ಮೊದಲು ಅದು ಚುಚ್ಚಿತು.

ಮನೆಗೆ ಬಂದವಳೇ ಬೀರು ತೆಗೆದೆ. ಸ್ವೆಟರ್ ಮಡಿಸಿಟ್ಟಲ್ಲೇ, ಹಳೆಯ ಶಾಲುಗಳ ಕೆಳಗೆ ಇತ್ತು. ಎಳೆದಾಗ ಕೈಗೆ ತಣ್ಣಗೆ ತಾಕಿತು. ತೋಳಿನ ತುದಿಗೆ ಹುಲ್ಲಿನ ಮುಳ್ಳುಬೀಜಗಳು ಅಂಟಿಕೊಂಡಿದ್ದವು. ಮೂಗಿಗೆ ಹಿಡಿದೆ. ಕೆಸರು, ಕೊಳೆತ ಜೊಂಡು, ನಸುಕಿನ ನೀರು. ಎಷ್ಟು ವರ್ಷದ ಮೇಲೆ ಆ ವಾಸನೆ. ಹೆದರಿಕೊಂಡು ಕೈಬಿಡಬೇಕಿತ್ತು, ನಾನು ಮತ್ತೊಮ್ಮೆ ಮೂಸಿದೆ.

ಮರುದಿನ ಭಾನುವಾರ. ಇವರು ಹೊರಟ ಮೇಲೆ ಹಿತ್ತಲಿನ ಕಲ್ಲಿನ ಮೇಲೆ ಅತ್ತೆಯ ಹಾಸಿಗೆ ಬಟ್ಟೆ ಉಜ್ಜುತ್ತಾ ಕೂತೆ. ಕೈಯಲ್ಲಿ ಸೋಪು, ಮನಸ್ಸೆಲ್ಲ ಜೌಗಿನ ಗೇಟಿನಲ್ಲಿ. ಈಗ ಸಾಲು ಒಳಗೆ ಹೋಗಿರುತ್ತದೆ. ಈಗ ಅವಳು ಕೊಕ್ಕರೆಯ ಹಿಂದೆ ಸೇರಿಕೊಂಡಿರುತ್ತಾಳೆ. ಈಗ ಸೆಳೆವ ಹದ್ದು ಜೊಂಡಿನ ಮೇಲೆ ತೇಲುತ್ತಿರುತ್ತದೆ, ಅವಳು ತಲೆಯೆತ್ತಿರುತ್ತಾಳೆ. ಬಟ್ಟೆಯನ್ನು ಬೇಕಾದ್ದಕ್ಕಿಂತ ಜೋರಾಗಿ ಉಜ್ಜಿದೆ. ಅದಕ್ಕೆ ಹೆಸರು ಹೊಟ್ಟೆಕಿಚ್ಚು. ಯಾರ ಮೇಲೆ ಅಂತ ಕೇಳಿದರೆ ಹೇಳಲು ನಾಚಿಕೆ.

ಬಟ್ಟೆ ಹರವಿ ಒಳಗೆ ಬಂದಾಗ ಅತ್ತೆ ದಿಂಬಿಗೆ ಒರಗಿ ಕೂತಿದ್ದರು. ಮುಖ ತೊಳೆದ ಹಾಗಿತ್ತು. ತಲೆ ಬಾಚಿತ್ತು.

"ಯಾರು ಬಂದಿದ್ರು ಅತ್ತೆ?"

"ಯಾರು ಬರ್ತಾರೆ ನನ್ನ ನೋಡೋಕೆ. ನೀನೇ ಬಾಚಿದ್ಯಲ್ಲ ಈಗ."

"ನಾನು ಹಿತ್ತಲಲ್ಲಿದ್ದೆ."

"ಹಿತ್ತಲಿಂದಾನೇ ಬಂದೆ. ಒಂದು ಮಾತಿಲ್ಲ ಕತೆಯಿಲ್ಲ." ಅತ್ತೆ ಕಣ್ಣು ಮುಚ್ಚಿದರು. "ಕೈ ತಣ್ಣಗಿತ್ತು. ಹಿತವಾಗಿತ್ತು. ದಿನಾ ಜುಟ್ಟು ಹಿಡಿದು ಎಳೀತೀಯ, ಯಾರ ಮೇಲಿನ ಸಿಟ್ಟೋ ಏನೋ. ಇವತ್ತು ಮೆತ್ತಗೆ ಬಾಚಿದೆ. ಹೀಗೇ ಬಾಚು ಇನ್ಮೇಲೆ."

ಜಡೆಯನ್ನು ಮುಂದಕ್ಕೆ ತಂದು ನೋಡಿದೆ. ತುದಿಗೆ ರಿಬ್ಬನ್ ಇರಲಿಲ್ಲ. ಒಣಗಿದ ಜೊಂಡಿನ ಒಂದು ಎಳೆಯನ್ನು ಸುತ್ತಿ ಗಂಟು ಹಾಕಿತ್ತು. ಗಂಟು ನನ್ನದೇ, ಎರಡು ಸುತ್ತು ಹಾಕಿ ಕುಣಿಕೆ ಬಿಡುವುದು. ಅಡುಗೆಮನೆಗೆ ಬಂದೆ. ಹಿಂಬಾಗಿಲು ಅರೆ ತೆರೆದಿತ್ತು. ಒಲೆಯ ಮೇಲೆ ಹಾಲು ಕಾಯಿಸಿಟ್ಟಿತ್ತು. ಒಂದು ಹನಿಯೂ ಉಕ್ಕಿರಲಿಲ್ಲ.

ಇವರು ಬಂದು ಕ್ಯಾಮೆರಾದ ಕಾರ್ಡನ್ನು ಮೇಜಿನ ಮೇಲಿಟ್ಟು ಸ್ನಾನಕ್ಕೆ ಹೋದರು. ಲ್ಯಾಪ್‌ಟಾಪಿಗೆ ಹಾಕಿ ಒಂದೊಂದೇ ತೆರೆದೆ. ಮಿಂಚುಳ್ಳಿ. ಬೆಳ್ಳಕ್ಕಿ. ಅಂಚುಗಳು ಖಾಲಿ. ಹೋದಳು ಅಂದುಕೊಂಡೆ. ಹಾಗಂದುಕೊಂಡಾಗ ಸಮಾಧಾನ ಆಗಬೇಕಿತ್ತಲ್ಲ, ಆಗಲಿಲ್ಲ. ಗೇಟಿನ ಹತ್ತಿರ ತೆಗೆದ ಕೊನೆಯ ಚಿತ್ರದಲ್ಲಿ ಸೆಳೆವ ಹದ್ದು ಕಂಬದ ಮೇಲೆ ಕೂತಿತ್ತು. ಕಂಬಕ್ಕೆ ಒರಗಿ ಅವಳು. ಈ ಸಲ ಬೆನ್ನಲ್ಲ.

ಮುಖವನ್ನು ದೊಡ್ಡದು ಮಾಡಿದೆ.

ನನ್ನ ಮುಖ. ಗಾಳಿಗೆ ಒಡೆದ ತುಟಿ, ಕಪ್ಪಿಟ್ಟ ಕೆನ್ನೆ. ಕೂದಲಲ್ಲಿ ಹುಲ್ಲು. ನಾನು ಅಂದುಕೊಂಡ ಹಾಗೆ ಅವಳು ಹಕ್ಕಿ ನೋಡುತ್ತಿರಲಿಲ್ಲ. ತಲೆಯ ಮೇಲೆ ಅಷ್ಟು ಚೆಂದದ ಸೆಳೆವ ಕೂತಿದ್ದರೂ ಅವಳಿಗೆ ಬೇಕಾಗಿರಲಿಲ್ಲ. ಫೋಟೋ ತೆಗೆಯುತ್ತಿದ್ದ ಇವರನ್ನೂ ನೋಡುತ್ತಿರಲಿಲ್ಲ. ಇವರನ್ನು ದಾಟಿ, ಕ್ಯಾಮೆರಾ ದಾಟಿ, ಊಟದ ಮೇಜಿನ ಮುಂದೆ ಕೂತ ನನ್ನನ್ನು ನೋಡುತ್ತಿದ್ದಳು. ನಾನು ಕುರ್ಚಿ ಸರಿಸಿ ಪಕ್ಕಕ್ಕೆ ಬಂದರೂ ನೋಟ ಬಿಡಲಿಲ್ಲ. ಆ ನೋಟ ನನಗೆ ಗೊತ್ತು. ಸಂಜೆ ಪಾತ್ರೆ ತೊಳೆಯುವಾಗ ಅಡುಗೆಮನೆಯ ಕಿಟಕಿಯ ಗಾಜಿನಲ್ಲಿ ಎಷ್ಟೋ ಸಲ ಕಂಡಿದ್ದೇನೆ. ಹೊರಗೆ ಹೋಗಬೇಕು ಅನ್ನುವವಳ ನೋಟ ಅದು. ಅವಳದು ಒಳಗೆ ಬರಬೇಕು ಅನ್ನುವುದು, ಅಷ್ಟೇ ವ್ಯತ್ಯಾಸ. ತುಂಬ ಕಾಲ ಬಯಲಲ್ಲಿ ನಿಂತವಳಿಗೆ ಒಲೆ ಬೇಕಿತ್ತು. ಬೆಚ್ಚನೆಯ ಹಾಲು, ಬಾಚಲು ಒಂದು ತಲೆ, ಯಾರಾದರೂ ಬೈಯುವವರು.

ತಲೆ ತಿಳಿಯಾಗಿತ್ತು. ಹೆದರಿಕೆ ಅಲ್ಲೇ ಇತ್ತು, ಅದರ ಪಕ್ಕದಲ್ಲಿ ಆಸೆಯೊಂದು ಬಂದು ಕೂತಿತ್ತು.

"ಫೋಟೋ ಆಯ್ತಾ?" ಇವರು ತಲೆ ಒರೆಸಿಕೊಳ್ಳುತ್ತಾ ಬಂದರು. ನನ್ನ ಭುಜದ ಮೇಲಿಂದ ಬಗ್ಗಿದರು. ತೆರೆಯ ತುಂಬ ಅವಳ ಮುಖ.

"ಹಕ್ಕಿ ಎಲ್ಲಿ?" ಎಂದರು. "ಬರೀ ಕಂಬ ಕಾಣಿಸ್ತಿದೆಯಲ್ಲ."

"ಮೇಲಿದೆ. ತರ್ತೀನಿ" ಎಂದೆ.

ಚೌಕಟ್ಟನ್ನು ಮೇಲಕ್ಕೆ ಎಳೆದೆ. ಅವಳ ಕಣ್ಣು ಹೋಯಿತು, ಹಣೆ ಹೋಯಿತು, ಸೆಳೆವ ನಡುವೆ ಬಂದು ಕೂತಿತು. "ಹಾಂ, ಹಾಗೆ" ಎಂದು ಇವರು ಪತ್ರಿಕೆ ಹಿಡಿದು ಕೂತರು.

ಎದ್ದು ಅತ್ತೆಯ ಮಾತ್ರೆಗಳ ಡಬ್ಬಿ ತೆಗೆದೆ. ಬೆಳಗಿನದು, ಮಧ್ಯಾಹ್ನದ್ದು ಎಂದು ಬೇರೆ ಬೇರೆ ಖಾನೆಗೆ ತುಂಬಿ, ಯಾರ ಕಣ್ಣಿಗಾದರೂ ಬೀಳುವ ಹಾಗೆ ಒಲೆಯ ಪಕ್ಕ ಇಟ್ಟೆ. ಹಾಲಿನ ಪಾತ್ರೆಯನ್ನು ಕಪಾಟಿನ ಮುಂದಿನ ಸಾಲಿಗೆ ತಂದೆ. ಅತ್ತೆಯ ಬಾಚಣಿಗೆಯನ್ನು ಬಿಸಿನೀರಲ್ಲಿ ತೊಳೆದು ಕಿಟಕಿಯಲ್ಲಿ ಒಣಗಲು ಇಟ್ಟೆ. ಕಪಾಟಿನ ಮೇಲಿಂದ ನನ್ನ ದುರ್ಬೀನು ಇಳಿಸಿ ಗಾಜು ಒರೆಸಿದೆ.

ಕೊನೆಗೆ ಸ್ವೆಟರ್. ಹುಲ್ಲುಬೀಜಗಳನ್ನು ಕೀಳದೆ ಹಿಂಬಾಗಿಲಿನ ಮೊಳೆಗೆ ನೇತುಹಾಕಿದೆ, ಮುಂದಿನ ಭಾನುವಾರ ಕತ್ತಲೆ ಹರಿಯುವ ಮೊದಲೇ ನನ್ನ ಕೈಗೆ ಸಿಗುವ ಹಾಗೆ. ಅದರ ಪಕ್ಕದ ಮೊಳೆಯಲ್ಲಿ ಅಡುಗೆಮನೆಯಲ್ಲಿ ನಾನು ತೊಡುವ ಹಳೆಯ ಅಂಗಿ ಇತ್ತು. ಅದನ್ನು ಒಗೆದು, ಇಸ್ತ್ರಿ ಮಾಡಿ, ಅವಳಿಗಾಗಿ ಅಲ್ಲೇ ಬಿಡಬೇಕು. ಬಾಗಿಲಿಗೆ ಚಿಲಕ ಹಾಕದೆ ಹೋಗಬೇಕು.

"ಏನು ಮಾಡ್ತಿದೀಯೇ ಅಲ್ಲಿ?" ಅತ್ತೆ ಕೋಣೆಯಿಂದ ಕೇಳಿದರು.

"ಏನಿಲ್ಲ ಅತ್ತೆ" ಎಂದೆ. "ಬಂದೆ."